ಒಂದು ಕೈಗೆ ಎಟುಕುವ ಕೀಲಿಗಳು



ಉರ್ದು ಮತ್ತು ಕನ್ನಡ ಕಲಿಸುವವಳು ಕಂಪ್ಯೂಟರ್ ವಿಷಯ ಏಕೆ ಎತ್ತಿಕೊಂಡಳು ಎಂದು ನಿಮಗೆ ಆಶ್ಚರ್ಯವಾಗಬಹುದು. ನಾನು ಬಿ.ಇಡ್. ಮಾಡಿದವಳೇ ಹೊರತು ಎಂಜಿನಿಯರ್ ಅಲ್ಲ. ಆದರೆ ಉರ್ದು ಪ್ರಶ್ನೆಪತ್ರಿಕೆಗೆ ಇನ್‌ಪೇಜ್, ಕನ್ನಡಕ್ಕೆ ನುಡಿ ಎಂದು ವರ್ಷಗಟ್ಟಲೆ ಕೀಲಿಮಣೆಯೊಡನೆ ಗುದ್ದಾಡಿದ್ದೇನೆ. ಆ ಅನುಭವವೇ ಇಲ್ಲಿ ಕೆಲಸಕ್ಕೆ ಬಂತು.

ನಮ್ಮ ಶಾಲೆಯಲ್ಲಿ ಸಂಜೆ ಹೊತ್ತು ಕೆಲವು ಮಕ್ಕಳು ಆರ್ಡುಯಿನೋ ಕಲಿಯುತ್ತಾರೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಅಂಗೈಯಗಲದ ಬೋರ್ಡು ಅದು. 2005ರಲ್ಲಿ ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಸಂಸ್ಥೆಯೊಂದರಲ್ಲಿ ಹುಟ್ಟಿತು. ಬೋರ್ಡಿನ ನಕ್ಷೆಯೂ ಅದಕ್ಕೆ ಪ್ರೋಗ್ರಾಂ ಬರೆಯುವ ಎಡಿಟರಿನ ಮೂಲ ಬರಹವೂ ಎಲ್ಲರಿಗೂ ತೆರೆದಿವೆ. ಆ ಎಡಿಟರಿನಲ್ಲಿ ಕಂಟ್ರೋಲ್ ಜೊತೆ ಆರ್ ಒತ್ತಿದರೆ ಬರೆದದ್ದರಲ್ಲಿ ತಪ್ಪಿದೆಯೇ ಎಂದು ಪರಿಶೀಲನೆ ಆಗುತ್ತದೆ. ಕಂಟ್ರೋಲ್ ಜೊತೆ ಯು ಒತ್ತಿದರೆ ಪ್ರೋಗ್ರಾಂ ಬೋರ್ಡಿಗೆ ಹೋಗುತ್ತದೆ. ಬೋರ್ಡು ಕಳಿಸುವ ಸಂದೇಶ ನೋಡಲು ಕಂಟ್ರೋಲ್, ಶಿಫ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಬೇಕು. (ವರ್ಡ್‌ನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಕಂಟ್ರೋಲ್ ಯು ಎಂದರೆ ಅಡಿಗೆರೆ! ಮೊದಲ ವಾರ ನಾನು ಪದಕ್ಕೆ ಗೆರೆ ಎಳೆಯಲು ಹೋಗಿ ಅರ್ಧಂಬರ್ಧ ಪ್ರೋಗ್ರಾಂ ಬೋರ್ಡಿಗೆ ಕಳಿಸಿದ್ದೇನೆ.)

ಗುಂಪಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಅವಳ ಎಡಗೈ ಹುಟ್ಟಿನಿಂದಲೇ ಸ್ವಾಧೀನದಲ್ಲಿಲ್ಲ. ಲೆಕ್ಕದಲ್ಲಿ ಚುರುಕು, ತಂತಿ ಜೋಡಿಸುವುದರಲ್ಲೂ ಚುರುಕು. ಆದರೆ ಪ್ರೋಗ್ರಾಂ ಬೋರ್ಡಿಗೆ ಕಳಿಸುವ ಹೊತ್ತಿಗೆ ಪಕ್ಕದವಳ ಕಡೆ ನೋಡುತ್ತಿದ್ದಳು. ಬಲಗಡೆ ಕಂಟ್ರೋಲ್ ಕೀಲಿಯೇ ಇಲ್ಲದ ಲ್ಯಾಪ್‌ಟಾಪು ಅದು. ಮೌಸ್ ಕೂಡ ಇರಲಿಲ್ಲ. ಒಂದು ದಿನ "ಮಿಸ್, ನಾನು ತಂತಿ ಮಾತ್ರ ಜೋಡಿಸ್ತೀನಿ, ಬರೆಯೋದು ಅವರೇ ಬರೀಲಿ" ಎಂದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಿಂಗಳಿನಿಂದ ಅವಳ ಪಕ್ಕದಲ್ಲೇ ನಿಂತಿದ್ದೆ, ನನಗೆ ಹೊಳೆದಿರಲಿಲ್ಲ.

ಮೊದಲು ಮಾಡಿದ್ದು ವಿಂಡೋಸ್‌ನಲ್ಲಿರುವ ಸ್ಟಿಕಿ ಕೀಸ್ ಎಂಬ ಸೌಲಭ್ಯವನ್ನು ತೆರೆದದ್ದು. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಅದು ಬೇಕೇ ಎಂದು ಕೇಳುತ್ತದೆ. ಆಮೇಲೆ ಕಂಟ್ರೋಲ್ ಒತ್ತಿ, ಬಿಟ್ಟು, ನಂತರ ಆರ್ ಒತ್ತಿದರೂ ಸಾಕು. ದೊಡ್ಡಕ್ಷರಕ್ಕೂ ಇದರಿಂದ ಅನುಕೂಲ, ಏಕೆಂದರೆ ಆರ್ಡುಯಿನೋ ಭಾಷೆಯಲ್ಲಿ ಡಿಜಿಟಲ್‌ರೈಟ್ ಎಂಬ ಆಜ್ಞೆಯ ನಡುವಿನ ಡಬ್ಲ್ಯು ದೊಡ್ಡದಾಗಿರದಿದ್ದರೆ ತಪ್ಪು ಎನ್ನುತ್ತದೆ. ಆದರೂ ಒಂದು ಗಂಟೆಯಲ್ಲಿ ಹತ್ತಾರು ಸಲ ಮಾಡುವ ಕೆಲಸಕ್ಕೆ ಎರಡು, ಮೂರು ಒತ್ತು ಏಕೆ?

2022ರಲ್ಲಿ ಬಂದ ಎಡಿಟರಿನ ಎರಡನೆಯ ಆವೃತ್ತಿಯಲ್ಲಿ ಇದಕ್ಕೆ ದಾರಿಯಿದೆ. ಫೈಲ್ ಮೆನುವಿನ ಅಡ್ವಾನ್ಸ್ಡ್ ಎಂಬಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ತೆರೆದರೆ ಎಲ್ಲ ಆಜ್ಞೆಗಳ ಉದ್ದನೆಯ ಪಟ್ಟಿ ಬರುತ್ತದೆ. ಬೇಕಾದುದನ್ನು ಹುಡುಕಿ ಬೇರೆ ಕೀಲಿ ಕೊಡಬಹುದು. ನಾವು ಪರಿಶೀಲನೆಗೆ ಎಫ್ 7, ಬೋರ್ಡಿಗೆ ಕಳಿಸಲು ಎಫ್ 8 ಕೊಟ್ಟೆವು. ಕೊಡುವ ಮುನ್ನ ಆ ಕೀಲಿಗೆ ಬೇರೆ ಕೆಲಸವಿದೆಯೇ ಎಂದು ಅದೇ ಪಟ್ಟಿಯಲ್ಲಿ ನೋಡಿಕೊಳ್ಳಿ. ಇನ್ನೊಂದು ಮಾತು: ಕಳಿಸುವ ಆಜ್ಞೆ ತಾನೇ ಮೊದಲು ಪರಿಶೀಲಿಸಿಕೊಳ್ಳುತ್ತದೆ, ಪ್ರತಿ ಸಲವೂ ಎರಡನ್ನೂ ಒತ್ತಬೇಕಿಲ್ಲ. ಇದನ್ನು ಕಂಡುಹಿಡಿದು ಹೇಳಿದವಳು ಅವಳೇ.

ಕೀಲಿ ಎಲ್ಲಿರಬೇಕೆಂಬ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿದರು. ಸರ್ಕಾರ ಒಪ್ಪಿದ್ದು, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿರುವುದು ಅದೇ ವಿನ್ಯಾಸ. ಕೆ ಒತ್ತಿದರೆ ಕ, ಶಿಫ್ಟ್ ಸೇರಿದರೆ ಖ. ಒತ್ತಕ್ಷರಕ್ಕೆ ಮತ್ತೆ ಮತ್ತೆ ಬೇಕಾಗುವ ಲಿಂಕ್ ಇರುವುದು ಎಫ್ ಕೀಲಿಯಲ್ಲಿ. ಬೆರಳಾಡಿಸಿ ನೋಡಿ, ಆ ಕೀಲಿಯ ಮೇಲೆ ಸಣ್ಣ ಉಬ್ಬು ಇದೆ; ಎಡ ತೋರುಬೆರಳು ಸದಾ ಕೂರುವ ಜಾಗ. ಐದೇ ಒತ್ತಿಗೆ "ಕನ್ನಡ" ಎಂಬ ಪದ ಮುಗಿಯುತ್ತದೆ. ಇನ್ನು ಇಂಗ್ಲಿಷಿಗೂ ಕನ್ನಡಕ್ಕೂ ಹೊರಳಲು ನುಡಿ ಆರಿಸಿಕೊಂಡದ್ದು ಬೇರೆ ಯಾರಿಗೂ ಬೇಡವಾಗಿ ಮೂಲೆಯಲ್ಲಿದ್ದ ಸ್ಕ್ರಾಲ್ ಲಾಕ್. ಎಫ್ 7 ಆರಿಸುವಾಗ ನನಗೆ ನೆನಪಾದದ್ದು ಇದೇ.

ಈಗ ಸಂಘದ ಸದಸ್ಯರಲ್ಲಿ ಒಂದು ಕೋರಿಕೆ. ಈ ಬದಲಾವಣೆ ಮಾಡಿದ ಕಂಪ್ಯೂಟರಿಗಷ್ಟೇ ಅನ್ವಯ. ಬೇರೆ ಕಂಪ್ಯೂಟರಿನಲ್ಲಿ ಮತ್ತೆ ಮೊದಲಿನಿಂದ ಮಾಡಬೇಕು. ಬೇಸಿಗೆ ಶಿಬಿರಕ್ಕೆ ಸಂಘ ಕೊಡಲಿರುವ ಕಂಪ್ಯೂಟರುಗಳಲ್ಲಿ ಶಿಬಿರಕ್ಕೆ ಮುಂಚೆಯೇ ಇದನ್ನು ಮಾಡಿಟ್ಟು, ಯಾವ ಕೀಲಿ ಯಾವುದಕ್ಕೆ ಎಂದು ಉರ್ದು ಮತ್ತು ಕನ್ನಡದಲ್ಲಿ ಚೀಟಿ ಅಂಟಿಸಬೇಕು. ಚೀಟಿ ಬರೆದುಕೊಡುವ ಕೆಲಸ ನನಗಿರಲಿ. ಮಾಡಿದ್ದನ್ನು ಪರೀಕ್ಷಿಸಲು ಆ ಹುಡುಗಿ ಹಿಂದಿನ ದಿನವೇ ಬರುತ್ತೇನೆಂದಿದ್ದಾಳೆ.