ಕುರಿ ಕಾಯೋ ನಾಯಿಗೂ ಒಂದು ಔಷಧಿ ಚೀಲ

ಬಾಗಲಕೋಟೆ ಕಡೆ ಕುರಿಹಿಂಡಿನ ಜೊತೆ ಅಲೆಯೋ ನಾಯಿಗೆ ಕಾಡುಹಂದಿ ತಿವಿದರೆ ಅಡವಿಯಲ್ಲಿ ಡಾಕ್ಟರ್ ಎಲ್ಲಿ ಸಿಗ್ತಾರೆ? ಅದಕ್ಕೇ ಹೆಗಲ ಚೀಲದಲ್ಲಿ ಇಷ್ಟಿರಲಿ: ಸಲೈನ್ ಬಾಟಲಿ, ಗಾಜ್ ಬಟ್ಟೆ, ಬ್ಯಾಂಡೇಜ್, ಮುಳ್ಳು ತೆಗೆಯೋ ಚಿಮಟ, ಗ್ಲೌಸ್.

ನೋವಿನಲ್ಲಿ ನಾಯಿ ಸಾಕಿದವರನ್ನೂ ಕಚ್ಚುತ್ತೆ. ಮೊದಲು ಬಾಯಿಗೆ ಬಟ್ಟೆ ಪಟ್ಟಿ ಕಟ್ಟಿ. ಏದುಸಿರು, ವಾಂತಿ ಇದ್ದರೆ ಮಾತ್ರ ಕಟ್ಟಬೇಡಿ. ರಕ್ತ ಸುರೀತಿದ್ರೆ ಗಾಜ್ ಇಟ್ಟು 5 ನಿಮಿಷ ಒತ್ತಿ ಹಿಡೀರಿ. ನಡುವೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ.

ಪಾಪ ಅಂತ ನಮ್ಮ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತೆ. ಗಾಯಕ್ಕೆ ಉಳಿದ ಜೀವ ಮಾತ್ರೆಗೆ ಹೋಗಬಹುದು. ಪಶು ಆಂಬುಲೆನ್ಸ್ ನಂಬರ್ 1962. ಚೀಲದ ಮೇಲೇ ಬರೆದಿಡಿ.