ಅಜ್ಜಿಯ ಮನೆ, ಚಿಕ್ಕಪ್ಪನ ನಾಳೆ: ಟ್ರಸ್ಟ್ ಅಂದ್ರೆ ಶ್ರೀಮಂತರಿಗೆ ಮಾತ್ರನಾ?

ಹನೂರಿನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಆಸ್ತಿ. ನಿಮ್ಮ ಹೆಸರಲ್ಲಿ ಒಂದು ಬೈಕ್ ಬಿಟ್ಟು ಬೇರೇನೂ ಇಲ್ಲದಿದ್ರೂ ಪೂರ್ತಿ ಕೇಳಿ.

ನಮ್ಮಜ್ಜಿ ರೇಷ್ಮೆ ಹುಳ ಸಾಕಿ, ಗೂಡು ಮಾರಿದ ದುಡ್ಡಲ್ಲಿ ತಮ್ಮ ಹೆಸರಿಗೇ ಒಂದು ಮನೆ ಮಾಡಿದ್ರು. ಮುಂದೆ ಎರಡು ಅಂಗಡಿ, ಅದರ ಬಾಡಿಗೆ ಬರುತ್ತೆ. ತಾತ ಇಲ್ಲ. ಮಕ್ಕಳು ಮೂವರು: ಅಪ್ಪ, ಅತ್ತೆ, ಚಿಕ್ಕಪ್ಪ. ಚಿಕ್ಕಪ್ಪನಿಗೆ ವಯಸ್ಸು 44, ಬುದ್ಧಿ ಮಾತ್ರ ಮಗುವಿನದು. ಹತ್ತರ ನೋಟು, ನೂರರ ನೋಟು ಅವರಿಗೆ ಎರಡೂ ಒಂದೇ.

ಯುಗಾದಿ ದಿನ ಅಜ್ಜಿ ಕೇಳಿದ್ರು: "ನಾನು ಕಣ್ಣು ಮುಚ್ಚುದ್ ಮೇಲೆ ಇವನ್ಗೆ ಯಾರು ಅನ್ನ ಹಾಕರು?"

ಬಿ.ಕಾಂ. ಓದಿದವನು ನಾನು, ಲೆಕ್ಕ ಹಾಕಿದೆ. ಏನೂ ಬರೆದಿಡದಿದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೂವರಿಗೂ ಸಮಪಾಲು. ಚಿಕ್ಕಪ್ಪನಿಗೆ ಪಾಲೇನೋ ಬರುತ್ತೆ, ಅದನ್ನ ಕಾಪಾಡ್ಕೊಳ್ಳೋ ಶಕ್ತಿ ಬರಲ್ಲ. ಮನೆಯನ್ನ ಅಪ್ಪನಿಗೆ ದಾನಪತ್ರ ಮಾಡಿದ್ರೆ? ಅಪ್ಪ ನೋಡ್ಕೋತಾರೆ. ಅಪ್ಪನ ನಂತರ ಮನೆ ಯಾರದ್ದು? ನನ್ನದು, ನನ್ನ ತಂಗಿಯದು. ನಾಳೆ ನನಗೇ ಸಾಲ ಆಗಿ ಮನೆ ಮಾರಿದ್ರೆ, ಚಿಕ್ಕಪ್ಪ ಬೀದಿಗೆ.

ಇಲ್ಲಿ ಟ್ರಸ್ಟ್ ಬರುತ್ತೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ತಿರುಳು ಸರಳ: ಆಸ್ತಿ ನೋಡ್ಕೊಳ್ಳೋರು ಒಬ್ಬರು, ಅದರ ಫಲ ಉಣ್ಣೋರು ಇನ್ನೊಬ್ಬರು. ಅಪ್ಪ, ಅತ್ತೆ ಟ್ರಸ್ಟಿಗಳು. ಚಿಕ್ಕಪ್ಪ ಫಲಾನುಭವಿ. ಬಾಡಿಗೆ ಅವರ ಊಟ, ಔಷಧಿಗೆ. ಟ್ರಸ್ಟಿ ಆ ಆಸ್ತಿಯನ್ನ ಸ್ವಂತ ಲಾಭಕ್ಕೆ ಬಳಸೋ ಹಾಗಿಲ್ಲ. ಚಿಕ್ಕಪ್ಪನ ಕಾಲದ ನಂತರ ಮನೆ ಯಾರಿಗೆ ಅನ್ನೋದನ್ನೂ ಅಲ್ಲೇ ಬರೀಬಹುದು.

ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ತೋಟದಪ್ಪ ಛತ್ರ ಗೊತ್ತು. ಗುಬ್ಬಿ ತೋಟದಪ್ಪ ತೀರಿಕೊಂಡಿದ್ದು 1910ರಲ್ಲಿ. ಛತ್ರ ಇವತ್ತಿಗೂ ನಡೀತಿದೆ. ಅದು ಸಾರ್ವಜನಿಕ ಧರ್ಮ, ನಮ್ಮದು ಒಂದು ಮನೆಯ ಖಾಸಗಿ ವ್ಯವಸ್ಥೆ. ಆದ್ರೆ ಮೂಲ ಒಂದೇ: ಮಾಡಿದವರು ಹೋದರೂ ಅವರ ಮಾತು ಉಳೀಬೇಕು.

ಮಾಡೋದು ಹೇಗೆ? ಬದುಕಿದ್ದಾಗಲೇ ಮನೆಯನ್ನ ಟ್ರಸ್ಟ್‌ಗೆ ಹಾಕೋದಾದ್ರೆ ಪತ್ರ ಬರೆದು ನೋಂದಣಿ ಮಾಡಿಸಲೇಬೇಕು. ಇಲ್ಲಾಂದ್ರೆ ವಿಲ್‌ನಲ್ಲೇ ಬರೆದು, ತಮ್ಮ ನಂತರ ಟ್ರಸ್ಟ್ ಶುರುವಾಗೋ ಹಾಗೆ ಮಾಡಬಹುದು. ವಿಲ್‌ಗೆ ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಒಳ್ಳೇದು. ಚಿಕ್ಕಪ್ಪನಂಥವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅಡಿ ಕಾನೂನುಬದ್ಧ ಪೋಷಕರನ್ನೂ ನೇಮಿಸ್ತಾರೆ. ಅದಕ್ಕೆ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು.

ಎರಡು ಎಚ್ಚರಿಕೆ. ಒಂದು, ಪಾಲಾಗದ ಪಿತ್ರಾರ್ಜಿತ ಜಮೀನನ್ನ ಒಬ್ಬರೇ ಟ್ರಸ್ಟ್‌ಗೆ ಬರೆಯಕ್ಕೆ ಹೋಗ್ಬೇಡಿ, ಅದರಲ್ಲಿ ಹೆಣ್ಣುಮಕ್ಕಳಿಗೂ ಹಕ್ಕಿದೆ. ಮೊದಲು ವಕೀಲರಿಗೆ ಪಹಣಿ ತೋರಿಸಿ. ಎರಡು, ಸಾಲಗಾರರಿಂದ ತಪ್ಪಿಸ್ಕೊಳ್ಳೋಕೆ ಟ್ರಸ್ಟ್ ಅಡಗುತಾಣ ಅಲ್ಲ. ನಮ್ಮ ಜಿಲ್ಲೆಯಲ್ಲಿ ಮೈಕ್ರೋಫೈನಾನ್ಸ್ ಕಾಟಕ್ಕೆ ಊರು ಬಿಟ್ಟವರ ಸುದ್ದಿ 2025ರ ಶುರುವಿನಲ್ಲಿ ಕೇಳಿದ್ವಿ. ಆಮೇಲೆ ಕೆಲವರು ನನ್ನನ್ನ ಕೇಳಿದ್ರು, "ಮನೇನ ಟ್ರಸ್ಟ್‌ಗೆ ಹಾಕಿಬಿಡ್ಲಾ?" ಅಂತ. ಸಾಲ ಕೊಟ್ಟವರಿಗೆ ಮೋಸ ಮಾಡೋ ಉದ್ದೇಶದ ವರ್ಗಾವಣೆಯನ್ನ ಕೋರ್ಟ್ ರದ್ದು ಮಾಡಬಹುದು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಪ್ಪನಿಗೆ ಬೇಜಾರಾಯ್ತು. "ನನ್ ಮೇಲೆ ನಂಬ್ಕೆ ಇಲ್ವಾ ಅವ್ವ?" ಅಂದ್ರು.

ಅಜ್ಜಿ ಹೇಳಿದ್ರು: "ನಿನ್ ಮೇಲೆ ಅದ ಕಣಪ್ಪ. ನಿನ್ ಆಯಸ್ಸಿನ ಮೇಲೆ ಇಲ್ಲ."

ಅಪ್ಪ ಎದ್ದು ಹೊರಗೆ ಹೋದ್ರು. ಮೂರು ದಿನ ಆ ಮಾತೇ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ, ವಕೀಲರ ನಂಬರ್ ಇದೆಯಾ ಅಂತ ಅವರೇ ಕೇಳಿದ್ರು. ಪತ್ರದ ಕರಡು ಈಗ ತಯಾರಾಗ್ತಿದೆ.

ಈ ವಾರ ನಿಮ್ಮನೆಯಲ್ಲೂ ಕೇಳಿ: ಮನೆ ಯಾರ ಹೆಸರಲ್ಲಿದೆ? ಅದನ್ನೇ ನಂಬಿ ಬದುಕ್ತಿರೋರು ಯಾರು? ಈ ಎರಡು ಉತ್ತರ ಬೇರೆ ಬೇರೆ ಆದ್ರೆ, ಕೂತು ಮಾತಾಡೋ ಸಮಯ ಬಂದಿದೆ.

ಮುಂದಿನ ಸಂಚಿಕೆಯಲ್ಲಿ ಪೌತಿ ಖಾತೆ ಬಗ್ಗೆ ಮಾತಾಡೋಣ. ಬರ್ತೀನಿ.