ಕಲಿಸುತ್ತ ಕಲಿತ ಶಾಲೆ

ಸೇವೆ ಎಂಬುದು ಬಳಸಿ ಬಳಸಿ ಸವೆದುಹೋಗಿರುವ ಮಾತು. ದೇವಸ್ಥಾನದಲ್ಲಿ ರಸೀದಿ ಪಡೆದು ಮಾಡಿಸುವುದೂ ಸೇವೆ. ಕಚೇರಿಯಲ್ಲಿ ಮೂವತ್ತು ವರ್ಷ ಕುಳಿತು ನಿವೃತ್ತರಾಗುವುದೂ ಸೇವೆ. ನಮ್ಮ ಶಾಲೆಗಳಲ್ಲಂತೂ ಅದರ ಅರ್ಥ ಇನ್ನೂ ಕಿರಿದಾಗಿದೆ. ಗಾಂಧೀ ಜಯಂತಿಯ ದಿನ ಅರ್ಧ ಗಂಟೆ ಅಂಗಳ ಗುಡಿಸಿ, ಸಿಹಿ ತಿಂದು ಮನೆಗೆ ಹೋದರೆ ಸೇವೆ ಮುಗಿಯಿತು. ಉಳಿದ ದಿನಗಳು ಓದಿಗೆ ಮೀಸಲು. ಓದು ಮತ್ತು ಸೇವೆ ಹೀಗೆ ಬೇರೆಬೇರೆಯಾಗಿ ಇರಬೇಕಾಗಿಲ್ಲ, ಅವೆರಡೂ ಒಂದೇ ಕೆಲಸದ ಎರಡು ಹೆಸರುಗಳಾಗಬಲ್ಲವು ಎಂದು ತೋರಿಸಿಕೊಟ್ಟ ಒಂದು ಶಾಲೆಯ ವಿಚಾರವನ್ನು ಇಲ್ಲಿ ಹೇಳಬಯಸುತ್ತೇನೆ. ಅದು ಕಲ್ಕತ್ತೆಯ ಸಿಯಾಲ್ದಾದ ಲೊರೆಟೊ ಡೇ ಸ್ಕೂಲ್.

ಲೊರೆಟೊ ಎಂಬುದು ಕ್ಯಾಥೊಲಿಕ್ ಸಂನ್ಯಾಸಿನಿಯರ ಸಂಸ್ಥೆ. ಐರ್ಲೆಂಡಿನಿಂದ ಬಂದ ಈ ಸೋದರಿಯರು 1840ರ ದಶಕದಿಂದಲೂ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸುತ್ತ ಬಂದಿದ್ದಾರೆ. ಮದರ್ ತೆರೇಸಾ ಅವರೂ ಮೊದಲು ಈ ಸಂಸ್ಥೆಯವರೇ. ಅದರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವರು 1948ರಲ್ಲಿ ಅದನ್ನು ತೊರೆದು ಬೀದಿಗೆ ಇಳಿದರು. ಅದೇ ಸಂಸ್ಥೆಯ ಸಿಸ್ಟರ್ ಸಿರಿಲ್ ಮೂನಿ ಅವರು ಹಿಡಿದ ದಾರಿ ಬೇರೆ. ಅವರು ಶಾಲೆಯನ್ನು ಬಿಡಲಿಲ್ಲ. ಬೀದಿಯನ್ನೇ ಶಾಲೆಯೊಳಕ್ಕೆ ಕರೆದರು.

ಐರ್ಲೆಂಡಿನಲ್ಲಿ ಹುಟ್ಟಿ 1956ರಲ್ಲಿ ಭಾರತಕ್ಕೆ ಬಂದ ಸಿಸ್ಟರ್ ಸಿರಿಲ್ 1979ರಲ್ಲಿ ಸಿಯಾಲ್ದಾ ಶಾಲೆಯ ಹೊಣೆ ಹೊತ್ತರು. ಆಗ ಅಲ್ಲಿದ್ದ ಸುಮಾರು 790 ಹುಡುಗಿಯರಲ್ಲಿ ಬಡವರ ಮಕ್ಕಳು 90 ಮಂದಿ ಮಾತ್ರ. 1998ರ ಹೊತ್ತಿಗೆ ಸಂಖ್ಯೆ ಸುಮಾರು 1400ಕ್ಕೆ ಏರಿತ್ತು. ಅವರಲ್ಲಿ ಅರ್ಧದಷ್ಟು ಮಂದಿ ಕೊಳೆಗೇರಿಗಳಿಂದ, ಬೀದಿಬದಿಯಿಂದ ಬಂದವರು. ಹಿಂದೂ, ಮುಸಲ್ಮಾನ, ಕ್ರೈಸ್ತ ಮಕ್ಕಳೆಲ್ಲ ಅವರಲ್ಲಿದ್ದರು. ಬಡಮಕ್ಕಳಿಗಾಗಿ ಹಿತ್ತಿಲಲ್ಲೊಂದು ಧರ್ಮಶಾಲೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಸಿಸ್ಟರ್ ಸಿರಿಲ್ ಹಾಗೆ ಮಾಡದೆ, ಶುಲ್ಕ ಕೊಡುವವಳನ್ನೂ ಕೊಡಲಾರದವಳನ್ನೂ ಒಂದೇ ತರಗತಿಯಲ್ಲಿ ಕೂರಿಸಿದರು.

ಮುಂದಿನ ಹೆಜ್ಜೆ ಇದಕ್ಕಿಂತ ದೊಡ್ಡದು. ಸಿಯಾಲ್ದಾದ ರೈಲುನಿಲ್ದಾಣ ಪ್ರಸಿದ್ಧವಾದದ್ದು. ದೇಶವಿಭಜನೆಯ ನಿರಾಶ್ರಿತರು ಅದರ ಪ್ಲಾಟ್‌ಫಾರಮುಗಳ ಮೇಲೆಯೇ ಸಂಸಾರ ಹೂಡಿದ್ದುಂಟು. ಅಂಥ ನಿಲ್ದಾಣದ ಆಸುಪಾಸಿನ ಬೀದಿಗಳಲ್ಲಿ ಚಿಂದಿ ಆಯುತ್ತ, ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತು ಬೆಳೆಯುವ ಮಗುವಿಗೆ ಗಂಟೆ ಬಾರಿಸಿದಾಗ ಬಾ, ಗಂಟೆ ಬಾರಿಸಿದಾಗ ಹೋಗು ಎಂದರೆ ನಡೆದೀತೆ? 1985ರಲ್ಲಿ ಆರಂಭವಾದ ‘ರೇನ್‌ಬೋ’, ಎಂದರೆ ಕಾಮನಬಿಲ್ಲು ಯೋಜನೆಯಲ್ಲಿ ಆ ಮಗು ಬಿಡುವಾದಾಗ ಬರಬಹುದಾಗಿತ್ತು. ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಮಗುವಿಗೆ ಪಾಠ ಹೇಳಬೇಕಾದವರು ಯಾರು? ಶಾಲೆ ಅದಕ್ಕೆ ಹೊಸ ಉಪಾಧ್ಯಾಯರನ್ನು ಹುಡುಕಲಿಲ್ಲ. ಐದನೆಯ ತರಗತಿಯಿಂದ ಮೇಲಿನ ಹುಡುಗಿಯರೇ ಗುರುಗಳಾದರು. ಪಠ್ಯಕ್ರಮದಲ್ಲಿ ಕಾರ್ಯಶಿಕ್ಷಣಕ್ಕೆಂದು ಇದ್ದ ಅವಧಿಗಳನ್ನು ದಿನವಿಡೀ ಒಂದೊಂದು ತರಗತಿಗೆ ಒಂದೊಂದು ಹೊತ್ತಿನಂತೆ ಹಂಚಿದರು. ಬೀದಿಯ ಮಗು ಎಷ್ಟು ಹೊತ್ತಿಗೆ ಬಂದರೂ ಅದರ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿಸುವ ಒಬ್ಬಳು ಅಕ್ಕ ಸಿದ್ಧಳಾಗಿರುತ್ತಿದ್ದಳು.

ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವುದು ನಮಗೇನೂ ಹೊಸದಲ್ಲ. ನಮ್ಮ ಕೂಲಿಮಠಗಳಲ್ಲಿ ಹಿರಿಯ ಹುಡುಗ ಮಗ್ಗಿ ಹೇಳಿಕೊಡುತ್ತಿದ್ದ, ಕಿರಿಯರು ದನಿಗೂಡಿಸುತ್ತಿದ್ದರು. ಮದರಾಸಿನಲ್ಲಿ ಮಕ್ಕಳು ಮರಳ ಮೇಲೆ ಬರೆದು ಕಲಿಯುವುದನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ತನ್ನ ಪ್ರಯೋಗದ ಸಂಗತಿಯನ್ನು 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂದೇ ಅದು ಹೆಸರಾಯಿತು. ಆದರೆ ಅಲ್ಲಿ ಉದ್ದೇಶ ಮಿತವ್ಯಯ, ಒಬ್ಬ ಮೇಷ್ಟರ ಸಂಬಳದಲ್ಲಿ ನೂರಾರು ಮಕ್ಕಳ ಪಾಠ. ಸಿಯಾಲ್ದಾದಲ್ಲಿ ಒಂದು ಮಗುವಿಗೆ ಒಂದು ಮಗು ಗುರು. ಲೆಕ್ಕಾಚಾರವೇ ಬೇರೆ.

ಇದರಿಂದ ಓದಿನ ಮಟ್ಟ ಕುಸಿಯುವುದಿಲ್ಲವೆ ಎಂದು ಯಾವ ತಂದೆತಾಯಿಯಾದರೂ ಕೇಳಿಯಾರು. ನನ್ನ ಅನುಭವದಿಂದ ಒಂದು ಮಾತು ಹೇಳುತ್ತೇನೆ. ಎಂ.ಎ. ತರಗತಿಯಲ್ಲಿ ನಾನು ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿ ಉತ್ತೀರ್ಣನಾದವನು. ಮುಂದೆ ಅಧ್ಯಾಪಕನಾಗಿ ಶಿಥಿಲದ್ವಿತ್ವದ ಪಾಠ ಮಾಡುವಾಗ, ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕಲ್ಲ, ಇಲ್ಲೇಕೆ ಲಘುವಾಗಿಯೇ ಉಳಿಯಿತು ಎಂದು ಹಳ್ಳಿಯ ಹುಡುಗನೊಬ್ಬ ಕೇಳಿದ. ಅವನಿಗಾಗಿ ಪದ್ಯವನ್ನು ಗಟ್ಟಿಯಾಗಿ ಓದಿ, ತಾಳ ಹಾಕಿ ತೋರಿಸುವಾಗಲೇ ಆ ಸೂತ್ರ ನನಗೆ ಕಿವಿಯಲ್ಲಿ ತಿಳಿದದ್ದು. ದಶಕ ಸಾಲ ತಂದು ಕಳೆಯುವ ಲೆಕ್ಕವನ್ನು ಬೀದಿಯ ಮಗುವಿಗೆ ಬೆಣಚುಕಲ್ಲು, ಬಾಟಲಿ ಮುಚ್ಚಳಗಳನ್ನಿಟ್ಟು ವಿವರಿಸಬೇಕಾದ ಹನ್ನೊಂದರ ಹುಡುಗಿಗೂ ಅದೇ ಆಗುತ್ತದೆ. ಸಾಲ ತರುವುದು ಎಂದರೆ ಏನು ಎಂದು ಅವಳು ಆವರೆಗೆ ಯೋಚಿಸಿರುವುದಿಲ್ಲ. ಕಲಿಸುವುದೇ ಅವಳ ಪ್ರಯೋಗಶಾಲೆ.

ಕಲಿಕೆ ಶಾಲೆಯ ಗೋಡೆಯೊಳಗೇ ನಿಲ್ಲಲಿಲ್ಲ. ವಾರಕ್ಕೊಮ್ಮೆ, ಗುರುವಾರಗಳಲ್ಲಿ, ಹುಡುಗಿಯರ ತಂಡಗಳು ಹಳ್ಳಿಯ ಶಾಲೆಗಳಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಆಟಪಾಠ ಹೇಳಿಕೊಡುತ್ತಿದ್ದವು. ಅದಕ್ಕಿಂತ ಕಠಿನವಾದದ್ದು ಇನ್ನೊಂದು. ತಮ್ಮ ನೆರೆಹೊರೆಯ ಮನೆಗಳಲ್ಲಿ ದುಡಿಯುವ ಎಳೆಯ ಕೆಲಸದವರನ್ನು ಗುರುತಿಸಿ, ಮಾತನಾಡಿಸಿ, ಅವರ ಗೆಳೆತನ ಮಾಡುವ ಕೆಲಸವನ್ನು ಹುಡುಗಿಯರು ಕೈಗೊಂಡರು. ದೂರದ ಬಡತನಕ್ಕೆ ಮರುಗುವುದು ಸುಲಭ. ಪಕ್ಕದ ಮನೆಯ ಅಡಿಗೆಮನೆಯನ್ನು ಕಣ್ಣುಬಿಟ್ಟು ನೋಡುವುದು ಸುಲಭವಲ್ಲ. ಹಾಗೆ ನೋಡಲು ಕಲಿತ ಮಗು ಮುಂದೊಂದು ದಿನ ತನ್ನ ಮನೆಯ ಅಡಿಗೆಮನೆಯನ್ನೂ ನೋಡೀತು.

ಸೇವೆಯಲ್ಲಿ ಒಂದು ಅಪಾಯವಿದೆ ಎಂಬುದನ್ನು ಮರೆಯುವಂತಿಲ್ಲ. ಕೊಡುವವನಲ್ಲಿ ಗರ್ವವೂ ಪಡೆಯುವವನಲ್ಲಿ ದೈನ್ಯವೂ ಬೆಳೆಯುವುದೇ ಆ ಅಪಾಯ. ನಮ್ಮ ಶರಣರು ದಾನ ಎಂಬ ಮಾತಿಗೆ ಬದಲು ದಾಸೋಹ ಎಂಬ ಮಾತನ್ನು ಹಿಡಿದದ್ದು, ಅದನ್ನು ಕಾಯಕದೊಡನೆ ಬೆಸೆದದ್ದು ಇದನ್ನು ಅರಿತೇ ಇರಬೇಕು. ಸಿಯಾಲ್ದಾದಲ್ಲಿ ಹಿಡಿದ ಕ್ರಮವೂ ಈ ಭಾವಕ್ಕೆ ಹತ್ತಿರವಾದದ್ದು. ಇಂದು ಅಕ್ಕನ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿದವಳು ನಾಳೆ ಅದೇ ಶಾಲೆಯ ತರಗತಿಯಲ್ಲಿ ಕುಳಿತುಕೊಳ್ಳಬಲ್ಲಳು. ನಾಡಿದ್ದು ತಾನೇ ಮತ್ತೊಬ್ಬಳಿಗೆ ಗುರುವಾಗಬಲ್ಲಳು. ಪಡೆದವಳು ಕೊಡುವವಳಾಗಲು ಎಡೆಯಿದ್ದಲ್ಲಿ ದೈನ್ಯಕ್ಕೆ ಎಡೆಯಿರದು.

ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಗೆಲಸವನ್ನು ವಿದ್ಯೆಯ ಕೇಂದ್ರದಲ್ಲಿಡಬೇಕೆಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿಟ್ಟಿತು. ಬಹಳ ಕಡೆ ಅದು ಕಾಗದದ ಹೂವು, ಕಸೂತಿಯ ಕರವಸ್ತ್ರಗಳಲ್ಲಿ ಮುಗಿದುಹೋಯಿತು. ಶಿಕ್ಷಣ ಹಕ್ಕಿನ 2009ರ ಕಾಯಿದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಆ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕಾಯಿದೆಯೂ ವಿನಾಯಿತಿಯೂ ಬರುವುದಕ್ಕೆ ಎಷ್ಟೋ ಮೊದಲೇ, ಯಾರ ಬಲವಂತವೂ ಇಲ್ಲದೆ, ಒಂದು ಕ್ರೈಸ್ತ ಶಾಲೆ ತನ್ನ ಅರ್ಧ ಬಾಗಿಲನ್ನು ತೆರೆದಿತ್ತು ಎಂಬುದನ್ನು ನೆನೆಯಬೇಕು.

ಸಿಸ್ಟರ್ ಸಿರಿಲ್ ಅವರಿಗೆ 2007ರಲ್ಲಿ ಪದ್ಮಶ್ರೀ ಬಂದಿತು. 2011ರಲ್ಲಿ ಅವರು ಶಾಲೆಯ ಹೊಣೆಯನ್ನು ಇಳಿಸಿದರು, 2023ರಲ್ಲಿ ತೀರಿಕೊಂಡರು. ಅವರ ಮಾದರಿಯ ರೇನ್‌ಬೋ ಮನೆಗಳು ಹೈದರಾಬಾದು, ಬೆಂಗಳೂರುಗಳಲ್ಲೂ ತೆರೆದವು. ಆದರೆ ಅವರ ಪ್ರಯೋಗದ ಸಾರವನ್ನು ಪಡೆಯಲು ನಮ್ಮ ಊರಿನ ಶಾಲೆಗೆ ಹೊಸ ಕಟ್ಟಡವೂ ಬೇಕಿಲ್ಲ, ಹಣದ ಗಂಟೂ ಬೇಕಿಲ್ಲ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆ ಸಾಕು, ಆ ಗಂಟೆಯಲ್ಲಿ ಶಾಲೆಯ ಗೇಟು ತೆರೆದಿರಬೇಕು. ಒಳಗಿನವರು ಹೊರಗಿನವರಿಗೆ ಉಪಕಾರ ಮಾಡುತ್ತಿದ್ದಾರೆಂದು ಮಾತ್ರ ಯಾರೂ ತಿಳಿಯಬಾರದು. ಕಲಿಸಲು ಒಬ್ಬರು ಸಿಕ್ಕರೆಂದರೆ, ಕಲಿಯಲು ನಮಗೊಂದು ಅವಕಾಶ ಸಿಕ್ಕಿತೆಂದೇ ಅರ್ಥ.